ಪಿಕಪ್ಪಿನ ಮುಳ್ಳು ಮತ್ತು ನನ್ನ ‘ಆಗಲಿ ಆಗಲಿ’

ಕಣ್ಣು ಮಂಜಾದವನಿಗೆ ಈ ಲೋಕದಲ್ಲಿ ಮರ್ಯಾದೆ ಇದೆ, ಕಿವಿ ಮಂದವಾದವನಿಗೆ ಇಲ್ಲ. ನಾನು ಮೊದಲ ಸಲ ಕನ್ನಡಕ ಹಾಕಿಕೊಂಡು ಸುಂಟಿಕೊಪ್ಪದ ಪೇಟೆಗೆ ಹೋದ ದಿನ, ಗುರುತಿಲ್ಲದ ಒಬ್ಬರು ನನ್ನನ್ನು ‘ಮೇಷ್ಟ್ರೇ’ ಎಂದು ಕರೆದು ನಮಸ್ಕಾರ ಮಾಡಿದ್ದರು. ನಾನೋ ಗಣಿತದ ಜೊತೆ ಮುನಿಸಿಕೊಂಡು ಹೈಸ್ಕೂಲು ಬಿಟ್ಟವನು. ಕಣ್ಣು ಹೋಯಿತೆಂದರೆ ಓದಿ ಓದಿ ಹೋಯಿತು ಎಂದು ಜನ ತಾವಾಗಿಯೇ ಊಹಿಸಿಕೊಳ್ಳುತ್ತಾರೆ. ಕಿವಿ ಹೋಯಿತೆಂದರೆ ಕೇಳಿ ಕೇಳಿ ಹೋಯಿತು ಎಂದು ಯಾರೂ ಊಹಿಸುವುದಿಲ್ಲ, ನನ್ನ ಷಡ್ಡಕನೊಬ್ಬನನ್ನು ಬಿಟ್ಟರೆ. ಕಿವಿ ಕೇಳದವನ ಜೊತೆ ಜನ ಮಾತಾಡುವ ಕ್ರಮವನ್ನೇ ನೋಡಿ. ಮೊದಲು ಕೂಗುತ್ತಾರೆ. ಆಮೇಲೆ ಎಳೆಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳುತ್ತಾರೆ. ಕೊನೆಗೆ ‘ಹೋಗ್ಲಿ ಬಿಡಿ’ ಎಂದು ಪಕ್ಕದವನ ಕಡೆ ತಿರುಗಿಬಿಡುತ್ತಾರೆ. ಬೇರೆ ಯಾವ ಮಾತು ಕೇಳಿಸದಿದ್ದರೂ ಆ ‘ಹೋಗ್ಲಿ ಬಿಡಿ’ ಮಾತ್ರ ತುಟಿಯ ಅಲುಗಾಟದಲ್ಲೇ ತಿಳಿದುಬಿಡುತ್ತದೆ. ಅದನ್ನು ದಿನಾ ನೋಡುವುದಕ್ಕಿಂತ ಎಲ್ಲವೂ ಕೇಳಿಸುತ್ತಿದೆ ಎಂದು ನಟಿಸುವುದೇ ಮೇಲು ಎಂದು ನಾನು ತೀರ್ಮಾನಿಸಿದ್ದೆ.

ಈ ನಟನೆಗೆ ಬೇಕಾದದ್ದು ಮೂರೇ ಮಾತು. ಯಾರಾದರೂ ಸುದ್ದಿ ಹೇಳುತ್ತಿರುವಂತೆ ಕಂಡರೆ ‘ಹೌದೌದು’. ಏನಾದರೂ ಕೇಳುತ್ತಿರುವಂತೆ ಕಂಡರೆ ‘ಆಗಲಿ ಆಗಲಿ’. ಎರಡೂ ಅಲ್ಲವೆಂದು ಅನುಮಾನ ಬಂದರೆ ನಿಟ್ಟುಸಿರು ಬಿಟ್ಟು ‘ಏನ್ ಮಾಡೋದು ಹೇಳಿ’. ಈ ಮೂರರಲ್ಲಿ ಸಂಸಾರ, ವ್ಯಾಪಾರ, ಬಂಧುಬಳಗ ಎಲ್ಲವನ್ನೂ ನಿಭಾಯಿಸಬಹುದು. ಒಮ್ಮೊಮ್ಮೆ ಎಡವಟ್ಟಾಗುವುದು ಉಂಟು. ಕಾಫಿ ಗಿಡ ಒಯ್ಯಲು ಬಂದಿದ್ದ ಸಿದ್ದಾಪುರದ ಕಡೆಯವರೊಬ್ಬರು ಮಗಳ ಮದುವೆಗೆ ಕರೆದಾಗ, ಅವರ ಮುಖದ ಸುಸ್ತನ್ನು ನೋಡಿ ನಾನು ‘ಏನ್ ಮಾಡೋದು ಹೇಳಿ, ಎಲ್ಲಾರ್ಗೂ ಒಂದಿನ ಬರೋದೇ’ ಎಂದುಬಿಟ್ಟೆ. ಅವರು, ಇವರ ಮನೆಯಲ್ಲಿ ಏನೋ ಕಷ್ಟವಿರಬೇಕೆಂದು ನನ್ನ ಭುಜ ತಟ್ಟಿ ಹೋದರು.

ಇಷ್ಟು ಜಾಣತನದಿಂದ ಮುಚ್ಚಿಟ್ಟಿದ್ದ ನನ್ನ ಕಿವಿಯ ಗುಟ್ಟನ್ನು ಬೀದಿಗೆ ತಂದದ್ದು ನಮ್ಮ ಪಿಕಪ್ಪು. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ನೆಲೆನಿಂತ ಬೇಸಾಯದ ಮನೆತನ. ಅಣ್ಣತಮ್ಮಂದಿರು ಹೊಲ ನೋಡಿಕೊಂಡರು. ನಾನು ಸುಂಟಿಕೊಪ್ಪಕ್ಕೆ ಹತ್ತುವ ಒಳದಾರಿಯಲ್ಲಿ ಕಾಫಿ, ಮೆಣಸಿನ ಗಿಡಗಳ ನರ್ಸರಿ ಮಾಡಿಕೊಂಡೆ. ಗಿಡ ಸಾಗಿಸಲು ಯಾರೋ ಓಡಿಸಿ ಬಿಟ್ಟ ಒಂದು ಡೀಸೆಲ್ ಪಿಕಪ್ಪು ತಂದೆ. ಅದರಲ್ಲಿ ವೇಗ ತೋರಿಸುವ ಮೀಟರಿನ ಪಕ್ಕ ಇನ್ನೊಂದು ದುಂಡು ಮೀಟರಿತ್ತು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರು. ತಂದ ದಿನದಿಂದಲೂ ಅದರ ಮುಳ್ಳು ಸೊನ್ನೆಯ ಮೇಲೆ ಸತ್ತು ಮಲಗಿತ್ತು. ನನಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಗಾಡಿಯನ್ನು ನಾನು ಓಡಿಸುತ್ತಿದ್ದುದು ಕಿವಿಯಿಂದ. ಎಂಜಿನ್ ಗಂಟಲು ಬಿಗಿಹಿಡಿದಂತೆ ಹಾಡತೊಡಗಿದರೆ ಮೇಲಿನ ಗೇರು, ಗೊರಗೊರ ಎಂದು ಗೊಣಗತೊಡಗಿದರೆ ಕೆಳಗಿನ ಗೇರು.

ಒಂದು ವರ್ಷ ನನಗೆ ಎಂಜಿನ್ ಬಹಳ ಮೆತ್ತಗಾದಂತೆ ಅನ್ನಿಸಿತು. ಆಯಿಲ್ ಬದಲಾಯಿಸಿದ್ದರ ಫಲ ಎಂದುಕೊಂಡೆ. ‘ಹಳೇ ಗಾಡಿಯಾದರೂ ಹೊಸ ಕಾರಿನ ಹಾಗೆ ಸದ್ದೇ ಇಲ್ಲ’ ಎಂದು ನಾಲ್ಕು ಜನರ ಎದುರು ಜಂಬ ಕೊಚ್ಚಿಕೊಂಡೆ. ನಾಲ್ವರೂ ನೆಲ ನೋಡಿದರು. ಮನೆಯವಳು ಜಯ ಮಾತ್ರ ನೆಲ ನೋಡುವ ಜಾಯಮಾನದವಳಲ್ಲ. ಪಕ್ಕದಲ್ಲಿ ಕೂತವಳು ಎರಡೂ ಕಿವಿ ಮುಚ್ಚಿಕೊಂಡು, ನನ್ನ ತೀರಾ ಹತ್ತಿರಕ್ಕೆ ಬಂದು ಕೂಗಿದಳು, “ರೀ, ಗಾಡಿ ಆ ಪಾಟಿ ಕಿರುಚ್ಕೊಳ್ತಾ ಐತೆ, ಮುಂದಿನ್ ಗೇರ್ ಹಾಕ್ಬಾರ್ದಾ? ಗಿಡ ಎಲ್ಲಾ ನಡುಗ್ತಾ ಅವೆ. ಕಿವಿ ಡಾಕ್ಟ್ರಿಗೆ ತೋರ್ಸಿ ಅಂತ ಎಷ್ಟು ಸಲ ಬಡ್ಕೊಳ್ಳಿ?”

“ಕಿವಿಗೇನಾಗಿದೆ? ಮೀಟರ್ ಕೆಟ್ಟಿದೆ, ಅದ್ಕೇ ಗೊತ್ತಾಗ್ತಿಲ್ಲ” ಎಂದೆ. ಬಾಯಿತಪ್ಪಿ ಬಂದ ಮಾತಾದರೂ ನನಗೆ ಬಹಳ ಹಿಡಿಸಿತು. ಮೀಟರು ಸರಿಯಾದರೆ ಕಣ್ಣಿನಿಂದಲೇ ಗೇರು ಬದಲಾಯಿಸಬಹುದು. ಕಣ್ಣಿಗೆ ಕನ್ನಡಕ ಇದೆ. ಕಿವಿಯ ವಿಷಯ ಅಲ್ಲಿಗೆ ಮುಗಿಯಿತು.

ಜಯಳಲ್ಲದೆ ಇನ್ನೊಬ್ಬರಿಗೂ ನನ್ನ ಗೇರಿನ ಎಡವಟ್ಟು ಗೊತ್ತಾಗಿತ್ತು. ನಮ್ಮ ನರ್ಸರಿಯಿಂದ ಎರಡು ತಿರುವು ಮೇಲೆ, ರಸ್ತೆಗೆ ಅಂಟಿಕೊಂಡಂತೆ ಉತ್ತಯ್ಯನವರ ಮನೆ. ಕೊಡವರು, ಎಸ್ಟೇಟಿನ ಲಾರಿ ಓಡಿಸಿ ಓಡಿಸಿ ಹಣ್ಣಾದವರು. ಎದೆ ದುರ್ಬಲವಾಗಿದೆ ಎಂದು ಡಾಕ್ಟರು ಸ್ಟೇರಿಂಗು ಮುಟ್ಟಬಾರದೆಂದು ಹೇಳಿದ ಮೇಲೆ ಜಗಲಿಯ ಕುರ್ಚಿಯಲ್ಲಿ ಕೂತು ಕಿವಿಯಿಂದಲೇ ಊರಿನ ಗಾಡಿಗಳನ್ನೆಲ್ಲ ಓಡಿಸುತ್ತಿದ್ದರು. ಯಾವ ಗಾಡಿ ಬರುತ್ತಿದೆ, ಎಷ್ಟು ಲೋಡಿದೆ, ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದ್ದಾನೋ ಎಂಬುದೆಲ್ಲ ಕಣ್ಣು ಮುಚ್ಚಿಕೊಂಡು ಹೇಳುವರು. ನಾನು ಹಾದುಹೋಗುವಾಗ ಎರಡು ಸಲ ಹಾರನ್ ಹಾಕುವುದು, ಅವರು ಕೈಯೆತ್ತಿ ನನ್ನ ಡ್ರೈವಿಂಗಿನ ಬಗ್ಗೆ ಒಂದು ಮಾತು ಹೇಳುವುದು ನಮ್ಮಿಬ್ಬರ ಬಹುಕಾಲದ ಪದ್ಧತಿ. “ಎಂತ ಗೌಡ್ರೆ, ಮೂರನೇ ಗೇರನ್ನು ಮನೇಲಿ ಇಟ್ಟು ಬಂದ್ರಾ?” ಎಂದು ಕೇಳಿದ್ದು ನನಗೆ ಕೇಳಿಸಿದ ಅವರ ಕೊನೆಯ ಮಾತುಗಳಲ್ಲೊಂದು. ಆಮೇಲಾಮೇಲೆ ಅವರ ಬಾಯಿ ಅಲುಗುವುದು ಕಾಣುತ್ತಿತ್ತು. ನಾನು ಗಾಡಿ ನಿಧಾನ ಮಾಡಿ ‘ಹೌದೌದು’ ಎಂದೋ ‘ಆಗಲಿ ಆಗಲಿ’ ಎಂದೋ ಹೇಳಿ ಮುಂದೆ ಹೋಗುತ್ತಿದ್ದೆ.

ಮೀಟರ್ ಕೆಲಸವನ್ನು ಸುಂಟಿಕೊಪ್ಪದ ಆಟೋ ಎಲೆಕ್ಟ್ರಿಷಿಯನ್ ಶಾಜಿಗೆ ಒಪ್ಪಿಸಿದೆ. ಅವನ ಮನೆಯವರು ಅವನಪ್ಪನ ಕಾಲದಲ್ಲಿ ಕೇರಳದಿಂದ ಬಂದವರು, ಈಗ ಇಲ್ಲಿಯವರೇ. ನಮ್ಮ ಗಾಡಿಯ ಮೀಟರು ಈಗ ಎಲ್ಲೂ ಹುಟ್ಟುವುದಿಲ್ಲವೆಂದು ಅವನು ಮೈಸೂರಿನ ಗುಜರಿಯಿಂದ ಬೇರಾವುದೋ ಗಾಡಿಯ ಮೀಟರನ್ನು ಹುಡುಕಿ ತರಿಸಿದ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಒಳಗಿನಿಂದ ಕಣಜದ ಹಳೇ ಗೂಡು, ಒಂದು ಹಿಡಿ ಕರಿಮೆಣಸು, ಯಾವುದೋ ಆಯುಧಪೂಜೆಯ ಒಣಗಿದ ಸೇವಂತಿಗೆ ಉದುರಿದವು. ಸತ್ತ ಮೀಟರನ್ನು ತೆಗೆದು ನನ್ನ ಕೈಗೆ ಕೊಟ್ಟ. ಇಷ್ಟು ವರ್ಷ ನನ್ನ ಮುಖವನ್ನೇ ನೋಡುತ್ತ ಏನೂ ಹೇಳದೆ ಕೂತಿದ್ದ ಸಾಧುಪ್ರಾಣಿ ಎಂದು ಅದರ ಮೇಲೆ ಕನಿಕರ ಹುಟ್ಟಿತು.

ಹೊಸ ಮೀಟರು ಕೂತಿತು, ದೀಪವೂ ಹತ್ತಿತು. ಆದರೆ ಕೂರಿಸಿದರಷ್ಟೇ ಸಾಲದಂತೆ. ಶಾಜಿ ಗ್ಯಾರೇಜಿನ ಗದ್ದಲದಲ್ಲಿ ನನ್ನ ಕಿವಿಗೆ ಬಾಯಿಟ್ಟು ವಿವರಿಸಿದ, “ಸಾರ್, ಇದು ಆಲ್ಟರ್ನೇಟರಿಂದ ಲೆಕ್ಕ ತಗೊಳ್ಳೋದು. ಆ ಗಾಡಿಯ ಪುಲ್ಲಿ, ಬೆಲ್ಟ್ ತಿರುಗಿಸೋ ಚಕ್ರ, ಬೇರೆ, ನಿಮ್ದು ಬೇರೆ. ಹಾಗೇ ಬಿಟ್ರೆ ಬರೀ ಸುಳ್ಳು ಹೇಳ್ತದೆ. ಹಿಂದೆ ಒಂದು ಸಣ್ಣ ಸ್ಕ್ರೂ ಉಂಟು, ಅದನ್ನ ತಿರುಗಿಸಿ ಸರಿಗೆ ನಿಲ್ಲಿಸ್ಬೇಕು.” ಪುಲ್ಲಿಗೆ ಬಿಳಿ ಪಟ್ಟಿ ಅಂಟಿಸಿ ಬೆಳಕು ಬಿಟ್ಟು ಸುತ್ತು ಎಣಿಸುವ ಯಂತ್ರವೊಂದು ಅವನಲ್ಲಿತ್ತು. ಅದನ್ನು ಗೋಣಿಕೊಪ್ಪಲಿನ ಗೆಳೆಯ ಒಯ್ದಿದ್ದ. ಅದು ಬರುವ ತನಕ ಕಾಯಿರಿ ಎಂದ. ಗಿಡ ನೆಡುವ ಕಾಲ, ಕಾಯಲು ನನಗೆ ಪುರಸೊತ್ತಿಲ್ಲ ಎಂದೆ. ಹಾಗಾದರೆ ಒಂದು ಉಪಾಯ ಇದೆ ಎಂದ. ಮೂರನೇ ಗೇರಿಗೆ ಹಾಕುವ ಹೊತ್ತಿನ ಎಂಜಿನ್ ಸದ್ದು ಓಡಿಸುವವನಿಗೆ ಬಾಯಿಪಾಠ ಇರುತ್ತದೆ. ನಾನು ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತುತ್ತ ಹೋಗಿ, ಆ ಸದ್ದು ಬಂದ ಕೂಡಲೇ ‘ಇಲ್ಲಿ’ ಎನ್ನಬೇಕು. ಅವನು ಆಗ ಮುಳ್ಳನ್ನು ಎರಡು ಸಾವಿರದ ಗೆರೆಗೆ ನಿಲ್ಲಿಸುತ್ತಾನೆ.

ಕಿವಿಯಿಂದ ತಪ್ಪಿಸಿಕೊಳ್ಳಲು ಮೀಟರು ಹಾಕಿಸಿಕೊಂಡರೆ, ಆ ಮೀಟರಿಗೇ ನನ್ನ ಕಿವಿ ಬೇಕಂತೆ! ‘ನನಗೆ ಕೇಳಿಸುವುದಿಲ್ಲ’ ಎಂದು ಹೇಳಿದ್ದರೆ ಎಲ್ಲವೂ ಅಲ್ಲೇ ನೇರವಾಗುತ್ತಿತ್ತು. ಆದರೆ ಪಕ್ಕದ ವೆಲ್ಡಿಂಗ್ ಅಂಗಡಿಯವರು, ಟೀ ಕುಡಿಯುತ್ತಿದ್ದ ಜೀಪಿನವರು ಎಲ್ಲರೂ ನಮ್ಮ ಕಡೆಯೇ ನೋಡುತ್ತಿದ್ದರು. ಆಕ್ಸಿಲರೇಟರ್ ಒತ್ತಿದೆ. ಏನೂ ಕೇಳಿಸಲಿಲ್ಲ. ಇನ್ನೂ ಒತ್ತಿದೆ. ದೂರದಲ್ಲಿ ಎಲ್ಲೋ ದುಂಬಿ ಹಾರಿದಂತಾಯಿತು. ಇನ್ನೂ ಒತ್ತಿದೆ. ಜೀಪಿನವರು ಟೀ ಗ್ಲಾಸು ಹಿಡಿದುಕೊಂಡು ಆಚೆ ಹೋಗಿ ನಿಂತರು. ಕೊನೆಗೆ ಅಂಗಾಲಿಗೆ ಅದುರು ಹತ್ತಿದಾಗ ‘ಇಲ್ಲಿ!’ ಎಂದೆ. ಡ್ಯಾಶ್‌ಬೋರ್ಡಿನ ಅಡಿಯಿಂದ ಶಾಜಿ ತಲೆ ಎತ್ತಿ ಏನೋ ಹೇಳಿದ. ನಾನು ಗಂಭೀರವಾಗಿ ‘ಆಗಲಿ ಆಗಲಿ’ ಎಂದೆ. ಅವನು ಮತ್ತೆ ಅಡಿಗೆ ತಲೆ ಹಾಕಿ ಸ್ಕ್ರೂ ತಿರುಗಿಸಿ ಬಿಟ್ಟ. ಕಾಲು ತೆಗೆದ ಮೇಲೆ ಮುಳ್ಳು ಸೊನ್ನೆಯ ಹತ್ತಿರವೇ ತೂಕಡಿಸುತ್ತ ನಿಂತಿತು. ಎಂಜಿನ್ ನಿಂತೇಹೋಗುವಷ್ಟು ಕೆಳಗಿನ ಲೆಕ್ಕವದು. ನನ್ನ ಎಂಜಿನ್ ಅಷ್ಟು ಶಾಂತಸ್ವಭಾವದ್ದು ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಅಲ್ಲಿಂದ ಮುಂದೆ ನಾನು ಮುಳ್ಳು ನೋಡಿ ಗಾಡಿ ಓಡಿಸಿದೆ. ಎರಡು ಸಾವಿರ ಮುಟ್ಟುವ ತನಕ ಗೇರು ಬದಲಾಯಿಸುತ್ತಿರಲಿಲ್ಲ. ಎದುರು ಬರುವ ಗಾಡಿಗಳು ದೂರದಿಂದಲೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ವಯಸ್ಸಿಗೆ ಕೊಡುವ ಗೌರವ ಎಂದು ತಿಳಿದೆ. ದನಗಳು ಬೇಲಿ ಹಾರಿದವು. ಅವಕ್ಕೆ ಬುದ್ಧಿ ಇಲ್ಲ ಎಂದುಕೊಂಡೆ. ಜಯ ಪಿಕಪ್ಪು ಹತ್ತುವುದನ್ನೇ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದಳು.

ಮೀಟರು ಹಾಕಿಸಿದ ಮೇಲೆ ಮೊದಲ ಸಲ ಉತ್ತಯ್ಯನವರ ಮನೆ ಮುಂದೆ ಹಾದಾಗ ಅವರು ಕುರ್ಚಿಯಿಂದ ಎದ್ದು ಗೇಟಿನ ತನಕ ಬಂದಿದ್ದರು. ಗಾಡಿ ನಿಲ್ಲಿಸಿದೆ, ಎಂಜಿನ್ ನಿಲ್ಲಿಸಲಿಲ್ಲ. ಹೊಸ ಮೀಟರನ್ನು ಬೆರಳು ಮಾಡಿ ತೋರಿಸಿದೆ. ಅವರು ಕಿಟಕಿಯೊಳಗೆ ತಲೆ ಹಾಕಿ ಮುಳ್ಳನ್ನು ನೋಡಿದರು, ತಲೆ ಓರೆ ಮಾಡಿ ಎಂಜಿನ್ ಕೇಳಿದರು, ಆಮೇಲೆ ನಗುತ್ತ ಉದ್ದಕ್ಕೆ ಏನೋ ಹೇಳಿದರು. ಮೀಟರನ್ನು ಹೊಗಳುತ್ತಿದ್ದಾರೆ ಎಂದು ನನ್ನ ಅಂದಾಜು. ಕೊನೆಯಲ್ಲಿ ಹುಬ್ಬೇರಿಸಿ ಏನೋ ಕೇಳಿದಂತಾಯಿತು. ‘ಆಗಲಿ ಆಗಲಿ’ ಎಂದೆ. ಅವರಿಗೆ ಬಹಳ ಸಂತೋಷವಾಯಿತು, ಗಾಡಿಯ ಬಾಗಿಲನ್ನು ಎರಡು ಸಲ ತಟ್ಟಿ ಕಳಿಸಿದರು. ಮಾರನೇ ಬೆಳಿಗ್ಗೆಯೂ ಅವರು ಗೇಟಿನ ಹತ್ತಿರ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಎಲ್ಲಿಗೋ ಹೊರಟಿದ್ದಾರೆ ಎಂದುಕೊಂಡು ಎರಡು ಹಾರನ್ ಹಾಕಿ ಹೋದೆ. ಅದರ ಮಾರನೇ ದಿನವೂ ಹಾಗೆಯೇ ನಿಂತಿದ್ದರು. ನಾನೂ ಹಾಗೆಯೇ ಹೋದೆ.

ಕೊಡವರ ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುತ್ತಾರೆ. ಒಂದರ ಬೆನ್ನಿಗೇ ಇನ್ನೊಂದು ಕೇಳಿಸಿದರೆ ಸುತ್ತಲಿನವರೆಲ್ಲ ಕೈಯ ಕೆಲಸ ಬಿಟ್ಟು ಯಾವ ದಿಕ್ಕಿನಿಂದ ಬಂತು ಎಂದು ನೋಡುತ್ತಾರೆ. ಇಷ್ಟು ವರ್ಷದಿಂದ ಇಲ್ಲಿರುವ ನನಗೂ ಅದು ಗೊತ್ತು. ಆಮೇಲೆ ಕೆಲವು ದಿನಗಳಲ್ಲೇ ಒಂದು ಬೆಳಿಗ್ಗೆ ನಮ್ಮ ನರ್ಸರಿಯಲ್ಲಿ ಗಿಡ ತುಂಬುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ತಲೆ ಎತ್ತಿದ್ದು ಕಾಣಿಸಿತು. ಒಬ್ಬಳು ನನ್ನ ಹತ್ತಿರ ಬಂದು ಮೇಲಿನ ರಸ್ತೆಯ ಕಡೆ ಕೈ ತೋರಿಸಿ ಏನೋ ಹೇಳಿದಳು. ‘ಹೌದೌದು’ ಎಂದು ಹೇಳಿ, ಲೋಡು ಮುಗಿಸಿ ಮಧ್ಯಾಹ್ನ ಗಾಡಿ ಹತ್ತಿದೆ. ಮುಳ್ಳು ಎರಡು ಸಾವಿರ ಮುಟ್ಟುವ ತನಕ ಎರಡನೇ ಗೇರಿನಲ್ಲೇ ಏರಿ, ತಿರುವು ತಿರುಗಿದರೆ ಉತ್ತಯ್ಯನವರ ಮನೆಯ ಮುಂದೆ ಸಾಲು ಜೀಪುಗಳು. ಏನೋ ಸಮಾರಂಭ ಇರಬೇಕು, ನನ್ನನ್ನು ಕರೆಯದೆ ಬಿಟ್ಟರಲ್ಲ ಎಂದು ಸ್ವಲ್ಪ ಬೇಜಾರಾಯಿತು. ಆದರೂ ಸ್ನೇಹ ಬಿಡಬಾರದು ಎಂದು ಎರಡು ಹಾರನ್ ಹಾಕಿದೆ, ಎಂದಿಗಿಂತ ಜೋರಾಗಿ.

ಅಂಗಳದಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಎಲ್ಲರದೂ ಬಿಳಿ ಬಟ್ಟೆ. ಜಗಲಿಯ ಕುರ್ಚಿ ಖಾಲಿ ಇತ್ತು.

ಗಾಡಿಯನ್ನು ಎಲ್ಲಿ ನಿಲ್ಲಿಸಿದೆ, ಹೇಗೆ ಇಳಿದೆ ಎಂಬುದು ನನಗೆ ನೆನಪಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿದ್ದು ಮಾತ್ರ ನೆನಪಿದೆ. ಮಳೆಯಿಂದ ಮೆತ್ತಗಾದ ಭೂಮಿಯಾದರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ಜಯಳೂ ಬಸ್ಸಿಳಿದು ಬಂದಳು. ಇಬ್ಬರೂ ಒಳಗೆ ಹೋಗಿ ಉತ್ತಯ್ಯನವರ ಮುಖ ನೋಡಿ ಕೈಮುಗಿದೆವು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ದೇಚಕ್ಕ ಮೊದಲೇ ಮೆಲುದನಿಯವರು. ನನ್ನ ಕಡೆ ನೋಡಿ ಏನೋ ಹೇಳಿದರು. ತುಟಿ ಅಲುಗಿತು, ಕಣ್ಣು ತುಂಬಿತ್ತು. ಸಾವಿನ ಮನೆಯಲ್ಲಿ ಹೇಳಬೇಕಾದ್ದು ಒಂದೇ. ನಾನು ನಿಟ್ಟುಸಿರು ಬಿಟ್ಟು, “ಏನ್ ಮಾಡೋದು ಹೇಳಿ ದೇಚಕ್ಕ” ಎಂದೆ. ನನ್ನ ಮೂರನೆಯ ಉತ್ತರ ಇವತ್ತಾದರೂ ಸರಿಯಾದ ಜಾಗಕ್ಕೆ ಬಿತ್ತಲ್ಲ ಎಂದು, ಆ ದುಃಖದಲ್ಲೂ ನನಗೆ ಒಂದು ಸಮಾಧಾನವಿತ್ತು.

ವಾಪಸು ಬರುವಾಗ ಜಯ ಬಹಳ ದಿನಗಳ ಮೇಲೆ ಪಿಕಪ್ಪು ಹತ್ತಿದಳು. ನಾನು ಕೀ ತಿರುಗಿಸಲು ಹೋದರೆ ಕೈ ಹಿಡಿದು ತಡೆದಳು. “ದೇಚಕ್ಕ ಏನ್ ಕೇಳಿದ್ರು ಅಂತ ಗೊತ್ತಾಯ್ತಾ ನಿಮ್ಗೆ?” ಎಂದಳು. ಕೂಗಲಿಲ್ಲ, ಒಂದೊಂದೇ ಮಾತನ್ನು ನನ್ನ ಮುಖಕ್ಕೆ ಮುಖವಿಟ್ಟು ಹೇಳಿದಳು. “ಉತ್ತಯ್ಯನವ್ರು ನಿಮ್ಗೆ, ನಿಮ್ ಮೀಟ್ರು ಸುಳ್ಳು ಹೇಳ್ತಾ ಐತೆ, ನಾಳೆ ಬೆಳಿಗ್ಗೆ ಬನ್ನಿ, ಇಬ್ರೂ ಒಂದ್ ಸುತ್ತು ಹೋಗಿ ನಾನೇ ಸದ್ದು ಕೇಳಿ ಸರಿ ಮಾಡ್ಕೊಡ್ತೀನಿ ಅಂದಿದ್ರಂತೆ. ನೀವು ಆಗಲಿ ಅಂದ್ರಂತೆ. ಎರಡು ದಿನ ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಕೊಂಡು ಗೇಟಲ್ಲಿ ಕಾದ್ರಂತೆ. ಯಾಕೆ ಬರ್ಲಿಲ್ಲ ನೀವು ಅಂತ ಕೇಳಿದ್ರು ದೇಚಕ್ಕ. ಅದ್ಕೆ ನೀವು ಏನ್ ಮಾಡೋದು ಹೇಳಿ ಅಂತಂದ್ರಿ.”

ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟೆ. ಹಾರನ್ ಇನ್ನೊಂದು ಸಲ ಕೂಗಿತಂತೆ. ನನಗೆ ಕೇಳಿಸಲಿಲ್ಲ, ಜಯ ನನ್ನ ತಲೆಯನ್ನು ಎತ್ತಿ ಸೀಟಿಗೆ ಒರಗಿಸಿದಳು.

ಆ ವಾರವೇ ಕಿವಿ ಡಾಕ್ಟರಲ್ಲಿಗೆ ಹೋಗಿ ಯಂತ್ರ ಹಾಕಿಸಿಕೊಂಡೆ. ಗಾಡಿ ಶುರು ಮಾಡಿದರೆ ಸದ್ದಿಗೆ ಬೆಚ್ಚಿಬಿದ್ದೆ. ಇಷ್ಟು ದಿನ ಈ ಕಿರುಚಾಟವನ್ನು ಊರಿನವರು ನನ್ನ ಮುಖ ನೋಡಿ ಸಹಿಸಿಕೊಂಡಿದ್ದರಲ್ಲ ಎಂದು ನಾಚಿಕೆಯಾಯಿತು. ಉತ್ತಯ್ಯನವರ ಮಾದದ ದಿನ, ಅಂದರೆ ಕೊಡವರ ತಿಥಿಯ ದಿನ, ದೇಚಕ್ಕನ ಎದುರು ಕೂತು, “ಅಕ್ಕ, ಅವತ್ತು ನನಗೆ ಕೇಳಿಸಿರಲಿಲ್ಲ. ಉತ್ತಯ್ಯನವರು ಹೇಳಿದಾಗಲೂ ಕೇಳಿಸಿರಲಿಲ್ಲ. ಅವರು ಏನಂದಿದ್ರು, ಇನ್ನೊಂದು ಸಲ ಹೇಳಿ” ಎಂದೆ. ಅವರು ಅದನ್ನೇ ಮತ್ತೆ ಹೇಳಿದರು, ಅಳಲಿಲ್ಲ. “ಅವರಿಗೆ ಕೋಪ ಇರಲಿಲ್ಲ ಗೌಡ್ರೆ. ಡಾಕ್ಟರು ಬೇಡ ಅಂದ ಮೇಲೆ ಯಾರೂ ಅವರನ್ನ ಗಾಡಿ ಹತ್ತಿಸ್ತಿರಲಿಲ್ಲ. ಗೌಡ ಒಪ್ಪಿದ್ದಾನೆ, ಎರಡೆರಡು ಸಲ ಆಗಲಿ ಅಂದ ಅಂತ ಅಂಗಿಗೆ ಇಸ್ತ್ರಿ ಮಾಡಿಸಿದ್ರು” ಎಂದರು. ಆಮೇಲೆ ಒಳಗೆ ಹೋಗಿ ಮರದ ಹಿಡಿಯ ಹಳೇ ಸ್ಕ್ರೂಡ್ರೈವರ್ ತಂದು ನನ್ನ ಕೈಗೆ ಕೊಟ್ಟರು.

ಅದನ್ನು ಹಿಡಿದುಕೊಂಡು ಶಾಜಿಯ ಹತ್ತಿರ ಹೋದೆ. ಅವನು ನನ್ನ ಕಿವಿಯ ಯಂತ್ರ ನೋಡಿ, “ಅಬ್ಬ, ಈಗ ಕೇಳ್ತದಾ ಸಾರ್?” ಎಂದ. “ನಿನಗೆ ಗೊತ್ತಿತ್ತಾ? ಅವತ್ತೇ ಹೇಳೋದಲ್ವಾ?” ಎಂದು ರೇಗಿದೆ. “ಹೇಳಿದೆ ಸಾರ್. ಡ್ಯಾಶ್‌ಬೋರ್ಡ್ ಅಡಿಯಿಂದ ಎದ್ದು, ಸಾರ್ ಇದು ಸರಿಯಾಗ್ಲಿಲ್ಲ, ಒಮ್ಮೆ ಕಿವಿ ತೋರಿಸಿ ಅಂದೆ. ನೀವು ಆಗಲಿ ಆಗಲಿ ಅಂದ್ರಿ” ಎಂದ. ಗೋಣಿಕೊಪ್ಪಲಿನಿಂದ ವಾಪಸು ಬಂದಿದ್ದ ಯಂತ್ರದಿಂದ ಸುತ್ತು ಎಣಿಸಿ ಮೀಟರನ್ನು ಸರಿಮಾಡಿದ. ಉತ್ತಯ್ಯನವರ ಸ್ಕ್ರೂಡ್ರೈವರಿನಿಂದಲೇ ಮಾಡು ಎಂದು ನಾನು ಹಟ ಹಿಡಿದಿದ್ದೆ. ಅದು ಲಾರಿಯ ಸ್ಕ್ರೂಡ್ರೈವರ್, ಬಾಯಿ ನನ್ನ ಹೆಬ್ಬೆರಳಿನಷ್ಟು ಅಗಲ. ಮೀಟರಿನ ಹಿಂದಿನ ಸ್ಕ್ರೂ ರಾಗಿಕಾಳಿನಷ್ಟು. ಹೊಂದಲೇ ಇಲ್ಲ.

ಹಾಗಾದರೆ ಅವತ್ತು ನಾನು ಗಾಡಿ ನಿಲ್ಲಿಸಿದ್ದರೂ ಮೀಟರು ಸರಿಯಾಗುತ್ತಿರಲಿಲ್ಲ. ಇಬ್ಬರು ಮುದುಕರು ಪಿಕಪ್ಪಿನಲ್ಲಿ ಕೂತು, ಹೊಂದದ ಸ್ಕ್ರೂಡ್ರೈವರಿಗೆ ಬೈಯುತ್ತ, ಸುಂಟಿಕೊಪ್ಪದ ತನಕ ಹೋಗಿ ಕಾಫಿ ಕುಡಿದು, ಒಂದಿಡೀ ಬೆಳಿಗ್ಗೆಯನ್ನು ಹಾಳು ಮಾಡಿಕೊಂಡು ಬರುತ್ತಿದ್ದೆವು. ಹಾಳಾಗಬೇಕಿದ್ದ ಆ ಬೆಳಿಗ್ಗೆಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗಿಡಗಳು ಒಂದು ದಿನ ಕಾಯುತ್ತಿದ್ದವು.

ಈಗ ನನಗೆ ಎಲ್ಲವೂ ಕೇಳಿಸುತ್ತದೆ, ಜಯ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಆಡಿಕೊಳ್ಳುವುದೂ ಸೇರಿ. ಆದರೆ ನನ್ನ ಆ ಮೂರೂ ಮಾತುಗಳು ಬಾಯಿಂದ ಬಿದ್ದುಹೋಗಿವೆ. ಅವುಗಳ ಜಾಗಕ್ಕೆ ಒಂದೇ ಒಂದು ಬಂದು ಕೂತಿದೆ. ಯಾರು ಏನು ಹೇಳಿದರೂ, ಚೆನ್ನಾಗಿ ಕೇಳಿಸಿದ್ದರೂ, ‘ಏನಂದ್ರಿ?’ ಎಂದು ಇನ್ನೊಂದು ಸಲ ಕೇಳುತ್ತೇನೆ. ಗೇಟಿನಲ್ಲಿ ಇನ್ಯಾರಾದರೂ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ನನಗಾಗಿ ಕಾಯುತ್ತಿದ್ದರೆ ಎಂಬ ಭಯ. ಊರಿನವರು ಇದಕ್ಕೆ ಬೇರೆಯೇ ಅರ್ಥ ಮಾಡಿಕೊಂಡಿದ್ದಾರೆ. ‘ಪಾಪ, ಗೌಡ್ರಿಗೆ ಮಿಷನ್ನೂ ಹತ್ತಲಿಲ್ಲ’ ಎಂದು ಪೇಟೆಯಲ್ಲಿ ಮಾತಾಡಿಕೊಳ್ಳುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕಂಡ ಕೂಡಲೇ ಎಲ್ಲರೂ ಕಿವಿಯ ಹತ್ತಿರ ಬಂದು, ಎಳೆಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಕೂಗುತ್ತಾರೆ. ತಲೆಯೊಳಗೆ ಗುಂಯ್ ಎನ್ನುತ್ತದೆ. ಆದರೂ ಅವರು ಹೇಳಿ ಮುಗಿಸಿದ ಮೇಲೆ ನಾನು ಮತ್ತೆ ಕೇಳುತ್ತೇನೆ, ‘ಏನಂದ್ರಿ?’